ಡಿಫೈಯಂಟ್ ಬಂದ ದಿನವೇ ಸಿಸ್ಕೋ ಮನೆ ಸಾಮಾನೂ ತಂದ

ಮೊನ್ನೆ ಭಾನುವಾರ ಮಗಳ ಜೊತೆ ಕೂತು 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಸರಣಿಯ ಮೂರನೇ ಸೀಸನ್ನಿನ ಮೊದಲ ಎಪಿಸೋಡ್ ಮತ್ತೆ ನೋಡಿದೆ. ಹೆಸರು 'ದಿ ಸರ್ಚ್'. ಎರಡು ಭಾಗದ ಕಥೆ. ಮೊದಲ ಭಾಗ ಅಮೆರಿಕದಲ್ಲಿ ಪ್ರಸಾರವಾದದ್ದು 1994ರ ಸೆಪ್ಟೆಂಬರ್‌ನಲ್ಲಿ. ಡಿಫೈಯಂಟ್ ಅನ್ನುವ ಯುದ್ಧನೌಕೆ ಮೊದಲ ಸಲ ಕಾಣಿಸಿಕೊಳ್ಳುವುದು ಇದರಲ್ಲೇ.

ಮುಗಿದ ಮೇಲೆ ಮಗಳು ಕೇಳಿದಳು, "ಅಪ್ಪಾ, ಅಷ್ಟೆಲ್ಲಾ ಬಿಲ್ಡಪ್ ಕೊಟ್ಟು ಹೊಸ ಹಡಗು ತಂದ್ರು. ಮೊದಲನೇ ಫೈಟಲ್ಲೇ ಸೋತುಹೋಯ್ತಲ್ಲ?"

ಒಳ್ಳೆ ಪ್ರಶ್ನೆ. ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಸರಣಿ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಸ್ಟಾರ್ ಟ್ರೆಕ್ ಅಂದರೆ ಸಾಮಾನ್ಯವಾಗಿ ಒಂದು ಹಡಗು, ವಾರಕ್ಕೊಂದು ಹೊಸ ಲೋಕ. ಇವತ್ತು ಏನೇ ಆದರೂ ನಾಳೆ ಅಲ್ಲಿಂದ ಹೊರಡಬಹುದು. ಡೀಪ್ ಸ್ಪೇಸ್ ನೈನ್ ಹಾಗಲ್ಲ. ಇದು ಒಂದೇ ಕಡೆ ನಿಂತಿರುವ ನಿಲ್ದಾಣ. ಪಕ್ಕದಲ್ಲಿ ಬೇಜೋರ್ ಅನ್ನುವ ಗ್ರಹ, ಪರರ ಆಳ್ವಿಕೆಯಿಂದ ಈಗಷ್ಟೇ ಬಿಡುಗಡೆಯಾದ ಜನ. ಎದುರಿಗೆ ಒಂದು ವರ್ಮ್‌ಹೋಲ್, ಅಂದರೆ ಬಾಹ್ಯಾಕಾಶದಲ್ಲಿ ಸುರಂಗದಂಥ ಅಡ್ಡದಾರಿ. ಅದರಲ್ಲಿ ಹೊಕ್ಕರೆ 70,000 ಜ್ಯೋತಿರ್ವರ್ಷ ದೂರದ ಗಾಮಾ ಕ್ವಾಡ್ರಂಟ್ ಅನ್ನುವ, ನಮ್ಮ ಗೆಲಾಕ್ಸಿಯ ಇನ್ನೊಂದು ಭಾಗದಲ್ಲಿ ಹೊರಬರುತ್ತೀರಿ. ಮೊದಮೊದಲು ಆ ಬಾಗಿಲು ಎಲ್ಲರಿಗೂ ಖುಷಿ ಕೊಟ್ಟಿತ್ತು. ವ್ಯಾಪಾರ, ಹೊಸ ಜನ, ಹೊಸ ಗ್ರಹಗಳು. ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ ಅನ್ನುವುದು ಗೊತ್ತಾಗಿದ್ದು ಎರಡನೇ ಸೀಸನ್ನಿನ ಕೊನೆಯ ಎಪಿಸೋಡಿನಲ್ಲಿ. ಆ ಕಡೆ ಡೊಮಿನಿಯನ್ ಅನ್ನುವ ಸಾಮ್ರಾಜ್ಯ ಇದೆ. ಅದರ ಸೈನಿಕರು ಜೆಮ್ ಹಡಾರ್.

ಆ ಎಪಿಸೋಡ್ ನೆನಪಿದ್ದರೆ ಮಾತ್ರ ಡಿಫೈಯಂಟ್ ಯಾಕೆ ಬಂತು ಅನ್ನುವುದು ಅರ್ಥ ಆಗುತ್ತದೆ. ಜೆಮ್ ಹಡಾರ್ ಕೈಗೆ ಸಿಕ್ಕಿಬಿದ್ದ ಸಿಸ್ಕೋನನ್ನು, ಅಂದರೆ ನಿಲ್ದಾಣದ ಮುಖ್ಯಸ್ಥನನ್ನು, ಬಿಡಿಸಲು ಒಡಿಸ್ಸಿ ಅನ್ನುವ ದೊಡ್ಡ ಹಡಗು ಹೋಗುತ್ತದೆ. ಅದು ಹಿಂದಿನ ಸ್ಟಾರ್ ಟ್ರೆಕ್ ಸರಣಿಯ, ಸಂಸಾರಗಳೂ ವಾಸವಿದ್ದ ಎಂಟರ್‌ಪ್ರೈಸ್‌ನದೇ ವರ್ಗದ ಹಡಗು. ನಾವೆಲ್ಲ ಏಳು ಸೀಸನ್ ನೋಡಿ ಮನೆಯಂತೆ ಪ್ರೀತಿಸಿದ ಅದೇ ಆಕಾರ. ಸಿಸ್ಕೋ ಸಿಕ್ಕಿದ್ದಾಗಿದೆ, ಒಡಿಸ್ಸಿ ವಾಪಸ್ ಹೊರಟಿದೆ. ಆಗ ಜೆಮ್ ಹಡಾರ್‌ನ ಒಂದು ಪುಟ್ಟ ಹಡಗು ಬಂದು ನೇರ ಅದರ ಹೊಟ್ಟೆಗೆ ಗುದ್ದುತ್ತದೆ. ತಾನೂ ಸಾಯುತ್ತದೆ, ಅದನ್ನೂ ಸಾಯಿಸುತ್ತದೆ. ಓಡಿಹೋಗುತ್ತಿದ್ದವರನ್ನು ಹೊಡೆದದ್ದು ಯಾಕೆ? ತಾವು ಎಲ್ಲಿಯವರೆಗೂ ಹೋಗಬಲ್ಲೆವು ಅಂತ ತೋರಿಸೋಕೆ. ನೋಡುವವರಿಗೂ ಅದೇ ಏಟು. ಆ ಆಕಾರದ ಹಡಗು ಇದ್ದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿದ್ದೆವು ಅಲ್ವಾ?

ಈಗ 'ದಿ ಸರ್ಚ್'. ಮೊದಲ ದೃಶ್ಯದಲ್ಲೇ ಸಿಸ್ಕೋ ನಂತರದ ಅಧಿಕಾರಿ ಕೀರಾ ಲೆಕ್ಕ ಒಪ್ಪಿಸುತ್ತಾಳೆ. ದಾಳಿಯಾದರೆ ಏನಾಗಬಹುದು ಅಂತ ಏಳು ಸಲ ಕಂಪ್ಯೂಟರಿನಲ್ಲಿ ನಡೆಸಿ ನೋಡಿದ್ದಾರೆ. ಏಳು ಸಲವೂ ಎರಡೇ ಗಂಟೆಯಲ್ಲಿ ನಿಲ್ದಾಣ ಕೈಬಿಟ್ಟುಹೋಗುತ್ತದೆ. ಅದೇ ಹೊತ್ತಿಗೆ ನಿಲ್ದಾಣದ ಪಕ್ಕದಲ್ಲೇ ಏನೋ ಪ್ರತ್ಯಕ್ಷವಾಗುತ್ತದೆ. ಅಷ್ಟು ಹತ್ತಿರ ಬಂದದ್ದು ಯಾರಿಗೂ ಗೊತ್ತಾಗಿಲ್ಲ. ಗಿಡ್ಡ, ದಪ್ಪ, ಕುತ್ತಿಗೆಯೇ ಇಲ್ಲದ ಹಡಗು. ಎಂಟರ್‌ಪ್ರೈಸ್ ಹಂಸದ ಹಾಗಿದ್ದರೆ ಇದು ಮೈ ಮುದುರಿಕೊಂಡ ಆಮೆಯ ಹಾಗಿದೆ. ಒಳಗಿರುವುದು ಸಿಸ್ಕೋ.

ಇಲ್ಲಿಂದ ಮುಂದಿನ ಹತ್ತು ನಿಮಿಷ ನನಗೆ ಇಡೀ ಸರಣಿಯಲ್ಲೇ ತುಂಬಾ ಇಷ್ಟ. ಬೇರೆ ಯಾರಾದರೂ ಆಗಿದ್ದರೆ ಹಡಗಿನ ಶಕ್ತಿಯ ಪಟ್ಟಿ ಓದುತ್ತಿದ್ದರು. ಸಿಸ್ಕೋ ಅದರ ದೋಷಗಳನ್ನೂ ಮುಚ್ಚಿಡುವುದಿಲ್ಲ. ಕಾಗದದ ಮೇಲೆ ಇದು ಬೆಂಗಾವಲು ಹಡಗು, ನಿಜಕ್ಕೂ ಇದು ಯುದ್ಧನೌಕೆ ಅಂತ ಬಿಚ್ಚಿ ಹೇಳುತ್ತಾನೆ. ಇದರಲ್ಲಿ ಸಂಸಾರಗಳಿಲ್ಲ, ಪ್ರಯೋಗಾಲಯಗಳಿಲ್ಲ. ಬೋರ್ಗ್ ಅನ್ನುವ ಅರೆಯಂತ್ರ ವೈರಿಗಳ ವಿರುದ್ಧ ಹೋರಾಡಲು ಕಟ್ಟಿದ ಮೊದಲ ಮಾದರಿ. ಗಾತ್ರಕ್ಕೆ ಮೀರಿದ ಬಂದೂಕು, ಗಾತ್ರಕ್ಕೆ ಮೀರಿದ ಎಂಜಿನ್. ಪರೀಕ್ಷೆಗೆ ಪೂರ್ತಿ ವೇಗದಲ್ಲಿ ಓಡಿಸಿದಾಗ ತನ್ನ ಬಲಕ್ಕೆ ತಾನೇ ಅದುರಿ ಒಡೆದುಹೋಗುವ ಹಂತಕ್ಕೆ ಬಂದಿತ್ತು. ಅಷ್ಟರಲ್ಲಿ ಬೋರ್ಗ್ ಭಯವೂ ಕಡಿಮೆಯಾಯಿತು, ಇದನ್ನು ಮೂಲೆಗೆ ಹಾಕಿದರು. ಈಗ ಬೇರೆ ದಾರಿಯಿಲ್ಲದೆ ಹೊರಗೆ ತಂದಿದ್ದಾರೆ.

ಬೋರ್ಗ್ ಅನ್ನುವ ಹೆಸರು ಬಂದಾಗ ಸಿಸ್ಕೋ ಪಾತ್ರ ಮಾಡಿದ ಏವರಿ ಬ್ರೂಕ್ಸ್ ಮುಖ ನೋಡಿ. ಬೋರ್ಗ್ ಜೊತೆ ನಡೆದ ವುಲ್ಫ್ 359 ಕದನದಲ್ಲಿ ಫೆಡರೇಷನ್ (ಭೂಮಿಯೂ ಸೇರಿದ ಗ್ರಹಗಳ ಒಕ್ಕೂಟ) ಕಳೆದುಕೊಂಡದ್ದು 39 ಹಡಗು, ಸುಮಾರು 11,000 ಜನ. ಅವರಲ್ಲಿ ಸಿಸ್ಕೋ ಹೆಂಡತಿ ಜೆನಿಫರ್ ಕೂಡ ಒಬ್ಬಳು. ಅವಳಿದ್ದದ್ದು ಸಂಸಾರಗಳನ್ನು ಹೊತ್ತ ಹಡಗಿನಲ್ಲಿ. ಅದಾದ ಮೇಲೆ ಅವನು ಮಂಗಳ ಗ್ರಹದ ಹಡಗುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ. ಡಿಫೈಯಂಟ್ ವಿನ್ಯಾಸದಲ್ಲಿ ಅವನ ಕೈಯೂ ಇದೆ. ಹೆಂಡತಿಯನ್ನು ಕಳೆದುಕೊಂಡ ಗಂಡಸು ಮಕ್ಕಳಿಗೆ, ಸಂಸಾರಕ್ಕೆ ಜಾಗವೇ ಇಲ್ಲದ ಹಡಗನ್ನು ಕಟ್ಟಿದ್ದಾನೆ. ಎಪಿಸೋಡ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನನಗಂತೂ ಆ ಮಂಚದ ಮೇಲೆ ಮಂಚ ಇರುವ ಇಕ್ಕಟ್ಟು ಕೋಣೆಗಳನ್ನು ನೋಡಿದಾಗಲೆಲ್ಲ ಇದೇ ನೆನಪಾಗುತ್ತದೆ.

ಸ್ಟಾರ್ ಟ್ರೆಕ್‌ನಲ್ಲಿ ಯುದ್ಧನೌಕೆ ಇರಬಾರದು ಅನ್ನುವ ಗೆಳೆಯರು ನನಗಿದ್ದಾರೆ. ಸ್ಟಾರ್ ಟ್ರೆಕ್ ಸೃಷ್ಟಿಸಿದ ಜೀನ್ ರಾಡನ್‌ಬೆರಿ 1991ರಲ್ಲಿ ತೀರಿಕೊಂಡರು, ಆಮೇಲೆ ಬಂದವರು ಅವರ ಕನಸನ್ನು ಕೆಡಿಸಿದರು ಅನ್ನುವುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಈ ಹಡಗು ಮೊದಲ ಸಲ ಹೊರಡುವುದು ಯಾತಕ್ಕೆ ಅಂತ ನೋಡಿ. ಡೊಮಿನಿಯನ್ ಕಟ್ಟಿದ ಫೌಂಡರ್‌ಗಳನ್ನು ಹುಡುಕಿ, ನಮ್ಮಿಂದ ನಿಮಗೆ ತೊಂದರೆ ಇಲ್ಲ ಅಂತ ಹೇಳಿ ಬರೋಕೆ. ಸಂಧಾನಕ್ಕೆ ಹೋಗುತ್ತಾರೆ, ಆದರೆ ಬರಿಗೈಲಿ ಹೋಗುವ ಧೈರ್ಯ ಈಗ ಉಳಿದಿಲ್ಲ. ಹಳೆಯ ವೈರಿಗಳಾದ ರೋಮುಲನ್ನರಿಂದ ಕಣ್ಮರೆಯಾಗುವ ಯಂತ್ರವನ್ನೂ ಸಾಲ ತಂದಿದ್ದಾರೆ, ಅದನ್ನು ಕಾಯಲು ಟ'ರುಲ್ ಅನ್ನುವ ರೋಮುಲನ್ ಅಧಿಕಾರಿಯೂ ಜೊತೆಗಿದ್ದಾಳೆ. (ಅವಳನ್ನು ಈ ಕಥೆಯಾದ ಮೇಲೆ ಮರೆತೇಬಿಟ್ಟರು. ಅದೊಂದು ದೊಡ್ಡ ನಷ್ಟ.) ಹೆದರಿದವರು ಹೆದರಿದ್ದೇವೆ ಅಂತ ಒಪ್ಪಿಕೊಳ್ಳುವುದು ಕನಸು ಕೆಡಿಸಿದ ಹಾಗೆ ಅಲ್ಲ.

ಮೊದಲ ಭಾಗದ ಚಿತ್ರಕಥೆ ಬರೆದದ್ದು ರೊನಾಲ್ಡ್ ಡಿ. ಮೂರ್. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಸ್ಟಾರ್ ಟ್ರೆಕ್‌ನ 'ಜನರೇಷನ್ಸ್' ಸಿನಿಮಾದ ಚಿತ್ರಕಥೆ ಬರೆದ ಇಬ್ಬರಲ್ಲಿ ಅವರೂ ಒಬ್ಬರು. ಅದರಲ್ಲಿ ಎಂಟರ್‌ಪ್ರೈಸ್ ನಾಶವಾಗುತ್ತದೆ. ಸಂಸಾರದ ಹಡಗು ಹೋದದ್ದೂ, ಸಂಸಾರವಿಲ್ಲದ ಹಡಗು ಬಂದದ್ದೂ ಒಂದೇ ವರ್ಷ, ಒಂದೇ ಕೈಯಿಂದ.

ಇನ್ನು ನನಗೆ ಅತಿ ಮುಖ್ಯ ಅನಿಸುವ ದೃಶ್ಯ. ಅದರಲ್ಲಿ ಹಡಗೇ ಇಲ್ಲ. ಸಿಸ್ಕೋ ಭೂಮಿಯಿಂದ ಯುದ್ಧನೌಕೆಯ ಜೊತೆ ಇನ್ನೊಂದನ್ನೂ ತಂದಿದ್ದಾನೆ. ತಾನು ಕೂಡಿಟ್ಟಿದ್ದ ಆಫ್ರಿಕನ್ ಕಲಾಕೃತಿಗಳು. ಎರಡು ವರ್ಷದಿಂದ ಅವು ಭೂಮಿಯಲ್ಲೇ ಬಿದ್ದಿದ್ದವು, ಯಾಕೆಂದರೆ ಈ ನಿಲ್ದಾಣಕ್ಕೆ ಅವನು ಮನಸ್ಸಿಲ್ಲದೆ ಬಂದವನು. ಈಗ ಅವನ್ನೆಲ್ಲ ತಂದು ಜೋಡಿಸುತ್ತಾನೆ. ಭೂಮಿಗೆ ಹೋದಾಗ ಗೊತ್ತಾಯಿತಂತೆ, ಮನೆ ಅಂದರೆ ಈಗ ಇದೇ ಅಂತ. ಮಗ ಜೇಕ್‌ಗೂ ಅದು ಗೊತ್ತಾಗುತ್ತದೆ.

ಬಾಡಿಗೆ ಮನೆಯಲ್ಲಿ ಫೋಟೋಗೆ ಮೊಳೆ ಹೊಡೆಯಲೂ ಯೋಚಿಸಿದವರಿಗೆ ಈ ದೃಶ್ಯ ಅರ್ಥವಾಗುತ್ತದೆ. ಡಬ್ಬ ಬಿಚ್ಚಿ ಗೋಡೆಗೆ ನೇತುಹಾಕಿದ ದಿನ ಅದು ನಮ್ಮದಾಗುತ್ತದೆ. ನಮ್ಮದಾದ ದಿನದಿಂದಲೇ ಕಳೆದುಕೊಳ್ಳುವ ಭಯವೂ ಶುರು. ಹಡಗಾದರೆ ಓಡಬಹುದು. ನಿಲ್ದಾಣ ಓಡಲ್ಲ. ಡಿಫೈಯಂಟ್ ಯಾಕೆ ಬಂತು ಅನ್ನುವುದಕ್ಕೆ ಆ ಕಲಾಕೃತಿಗಳೇ ಉತ್ತರ.

ಮಗಳ ಪ್ರಶ್ನೆಗೆ ಬರುತ್ತೇನೆ. ಜೆಮ್ ಹಡಾರ್ ಸುತ್ತುವರಿಯುತ್ತಾರೆ, ಹೊಡೆಯುತ್ತಾರೆ, ಕೊನೆಗೆ ಡಿಫೈಯಂಟ್ ಒಳಗೇ ನುಗ್ಗುತ್ತಾರೆ. ಇಲ್ಲಿ ಹಡಗು ಗೆದ್ದಿದ್ದರೆ ಒಡಿಸ್ಸಿಯ ಸಾವಿಗೆ ಬೆಲೆಯೇ ಇರುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ದೊಡ್ಡ ಬಂದೂಕು ಸಿಕ್ಕಿತು, ಸಮಸ್ಯೆ ಮುಗಿಯಿತು ಅನ್ನುವ ಕಥೆ ಆಗುತ್ತಿತ್ತು. ಸೋತದ್ದರಿಂದಲೇ ಆ ಹಡಗಿನ ಮೇಲೆ ನನಗೆ ಪ್ರೀತಿ ಹುಟ್ಟಿತು. ಮುಂದೆ ಐದು ಸೀಸನ್ ಅದರ ಪ್ರತಿ ಕದನದಲ್ಲೂ ಎದೆ ಹೊಡೆದುಕೊಳ್ಳುತ್ತಿತ್ತು, ಇದು ಸೋಲಬಹುದು ಅಂತ ಮೊದಲ ದಿನವೇ ಗೊತ್ತಾಗಿತ್ತಲ್ಲ. 1999ರಲ್ಲಿ, ಏಳನೇ ಸೀಸನ್ನಿನಲ್ಲಿ, ಅದು ನಿಜಕ್ಕೂ ನಾಶವಾದಾಗ ನಾನು ನೋಡುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಎರಡನೇ ಭಾಗ ನನಗೆ ಅಷ್ಟು ಹಿಡಿಸುವುದಿಲ್ಲ. ನಡೆದದ್ದರಲ್ಲಿ ಬಹುಪಾಲು ನಿಜವಲ್ಲ, ಮನಸ್ಸಿನೊಳಗೆ ನಡೆಸಿದ ಪರೀಕ್ಷೆ ಅಂತ ಕೊನೆಗೆ ಹೇಳುವುದು ನೋಡುವವರಿಗೆ ಮಾಡಿದ ಮೋಸ. ಆದರೆ ಮೊದಲ ಭಾಗದ ಕೊನೆ ಇದೆಯಲ್ಲ, ಅದನ್ನು ಯಾರೂ ಅಲ್ಲಾಡಿಸಲಾರರು. ಹಡಗು ಕೈತಪ್ಪಿದಾಗ ನಿಲ್ದಾಣದ ಭದ್ರತಾ ಅಧಿಕಾರಿ ಓಡೋ (ದ್ರವವಾಗಿ ಕರಗಿ ಯಾವ ರೂಪ ಬೇಕಾದರೂ ತಾಳಬಲ್ಲವನು), ಪ್ರಜ್ಞೆ ತಪ್ಪಿದ ಕೀರಾಳನ್ನು ಪುಟ್ಟ ನೌಕೆಯಲ್ಲಿ ಹಾಕಿಕೊಂಡು ತನ್ನನ್ನು ಎಳೆಯುತ್ತಿರುವ ಗ್ರಹಕ್ಕೆ ಬರುತ್ತಾನೆ. ಕತ್ತಲು. ಬಂಗಾರದ ಬಣ್ಣದ ಕೊಳ. ತಾನು ಯಾರು, ಎಲ್ಲಿಯವನು ಅಂತ ಒಮ್ಮೆಯೂ ತಿಳಿಯದ ಓಡೋನ ಎದುರು ಆ ಕೊಳದಿಂದ ಅವನದೇ ಜಾತಿಯವರು ಎದ್ದು ನಿಲ್ಲುತ್ತಾರೆ. ಮನೆಗೆ ಬಂದೆ, ಸ್ವಾಗತ ಅನ್ನುತ್ತಾರೆ.

ಸಿಸ್ಕೋಗೆ ಮನೆ ಸಿಕ್ಕ ಗಂಟೆಯೊಳಗೇ ಓಡೋಗೂ ಸಿಗುತ್ತದೆ. ಅವರೇ ಫೌಂಡರ್‌ಗಳು, ಒಡಿಸ್ಸಿಯನ್ನು ಒಡೆದ ಸೈನಿಕರ ಒಡೆಯರು ಅಂತ ಓಡೋಗೆ ಇನ್ನೂ ಗೊತ್ತಿಲ್ಲ. ಮಗಳಿಗೂ ಗೊತ್ತಿಲ್ಲ. ಎರಡನೇ ಭಾಗ ಮುಂದಿನ ಭಾನುವಾರ. ದಯವಿಟ್ಟು ಯಾರೂ ಅವಳಿಗೆ ಹೇಳಬೇಡಿ.