‘ಭಾವ ಈಗ ಅಡ್ಡಿಲ್ಲೆ ಅಲ್ದಾ?’

ನಮ್ಮನೆಯವರ ತಲೆಗೆ ಪೆಟ್ಟು ಬಿದ್ದು ಮೂರು ವರ್ಷವಾಯಿತು. ದೇವಿಮನೆ ಘಟ್ಟದ ತಿರುವಿನಲ್ಲಿ ಬೈಕ್ ಜಾರಿತ್ತು. ಹೆಲ್ಮೆಟ್ ಇತ್ತು, ಕನ್ನಡಿಗೆ ನೇತುಹಾಕಿದ್ದು! ಹುಬ್ಬಳ್ಳಿಯ ಐಸಿಯು ಕಥೆ ಬೇಡ ಬಿಡಿ. ಆಗ ಜನರಿಗೇನೂ ಕಮ್ಮಿ ಇರಲಿಲ್ಲ. ನಾನು ಹೇಳುವುದು ಅವರೆಲ್ಲ ಊರಿಗೆ ಹೋದ ಮೇಲಿನದು.

ಶಿರಸಿಯಲ್ಲಿ ಯಾವ ಮದುವೆಮನೆಗೆ ಹೋದರೂ ಇದೇ ಪ್ರಶ್ನೆ: ‘ಭಾವ ಈಗ ಅಡ್ಡಿಲ್ಲೆ ಅಲ್ದಾ?’ ಹೌದು, ನಡೆಯುತ್ತಾರೆ, ನಗುತ್ತಾರೆ, ಅರ್ಧ ಗಂಟೆ ಚೆನ್ನಾಗಿ ಮಾತಾಡುತ್ತಾರೆ. ಆ ಅರ್ಧ ಗಂಟೆಗೆ ಮರುದಿನವಿಡೀ ಮಲಗಬೇಕು. ಅದನ್ನು ನೋಡಲು ನೀವು ಇರುವುದಿಲ್ಲ.

ಅಡಿಕೆಯ ಕೊಳೆರೋಗದ ಮದ್ದಿನ ಲೆಕ್ಕ ಕೇಳಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಅಂತ ಥಟ್ಟನೆ ಹೇಳುತ್ತಾರೆ. ಆದರೆ ಬೆಳಿಗ್ಗೆ ಬ್ರಶ್ಶಿಗೆ ಪೇಸ್ಟ್ ಹಚ್ಚಿಕೊಂಡು ಹಾಗೇ ನಿಂತಿರುತ್ತಾರೆ. ‘ಹಲ್ಲು ತಿಕ್ಕಿ’ ಅಂತ ನಾನೇ ಹೇಳಬೇಕು. ಮಳೆಗಾಲದಲ್ಲಿ ಮದ್ದು ಹೊಡೆಯುವವನು ಬಂದು ಅಂಗಳದಲ್ಲಿ ಕಾಯುತ್ತಿದ್ದರೂ ಕುರ್ಚಿಯಿಂದ ಏಳಲಿಲ್ಲ. ‘ಕೂತು ತಿಂದು ರೂಢಿಯಾಯ್ತು’ ಅಂದರು ಯಾರೋ. ಹಣೆಯ ಹಿಂದಿನ ಮೆದುಳಿಗೆ ಏಟಾದರೆ ಕೆಲಸ ಗೊತ್ತಿದ್ದರೂ ಶುರು ಮಾಡಲು ಆಗುವುದಿಲ್ಲ. ಸಿಟ್ಟಿನ ಬ್ರೇಕೂ ಅಲ್ಲೇ ಇರುವುದು. ನನಗೇ ಇದು ತಿಳಿಯಲು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಬೈದಿದ್ದೆನೋ.

ವಾಸನೆಯೂ ಹೋಗಿದೆ. ಮೂಗಿನಿಂದ ಮೆದುಳಿಗೆ ಹೋಗುವ ನರದ ಎಳೆಗಳು ತೀರಾ ಸಪೂರ, ತಲೆಗೆ ಪೆಟ್ಟು ಬಿದ್ದರೆ ಹರಿದುಹೋಗಬಹುದು. ಮೊನ್ನೆ ಹಾಲು ಸೀದು ನಾತ ಜಗಲಿಯವರೆಗೆ ಬಂದಿತ್ತು. ಇವರು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಅಪ್ಪೆಹುಳಿಗೆ ಒಗ್ಗರಣೆ ಕಮ್ಮಿ ಅಂತ ದಿನಾ ಜಗಳ ತೆಗೆಯುತ್ತಿದ್ದವರು ಈಗ ಏನು ಬಡಿಸಿದರೂ ಸುಮ್ನೆ ಉಣ್ಣುತ್ತಾರೆ. ಆ ಜಗಳ ನನಗೆ ಬೇಕಿತ್ತು. ಹಾಗಂದರೆ ‘ಜೀವ ಉಳೀತಲ್ಲ, ಅಷ್ಟು ಸಾಕು’ ಅನ್ನುತ್ತೀರಿ. ಸಾಕೋ ಬೇಕೋ ಹೇಳಬೇಕಾದವಳು ನಾನಲ್ವಾ?

ಅಂಗವಿಕಲ ಸರ್ಟಿಫಿಕೇಟಿಗೆ ಅಲೆದದ್ದು ಇನ್ನೊಂದು ರಾಮಾಯಣ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ತಲೆಪೆಟ್ಟು ಅಂತ ಬೇರೆ ಹೆಸರಿಲ್ಲ, ಉಳಿದ ಯಾವುದರಲ್ಲಾದರೂ ಸೇರಬೇಕು. ‘ಕೈಕಾಲು ನೆಟ್ಟಗಿದೆಯಲ್ಲಮ್ಮ’ ಅಂದರು ಮೇಜಿನ ಆಚೆಯವರು. ಇವರು ಅವರನ್ನು ನೋಡಿ ನಕ್ಕರು. ಕೇಸ್ ಅಲ್ಲಿಗೆ ಮುಗಿಯಿತು.

ನೋಡಲು ಬರುವವರು ಹಣ್ಣು, ಬಿಸ್ಕಿಟ್ ತರುವುದು ಬೇಡ. ಒಂದು ತಾಸು ಇವರ ಜತೆ ಕೂತಿರಿ, ನಾನು ಪೇಟೆಗೆ ಹೋಗಿ ಬರುತ್ತೇನೆ. ಚಾ ಫ್ಲಾಸ್ಕಿನಲ್ಲಿ ಇಟ್ಟಿರುತ್ತೇನೆ. ಒಲೆ ಹಚ್ಚಬೇಡಿ.