ಬಿಸಿಲಿಗೂ ಒಂದು ರಜೆ ಕೊಡಿ

ಗ್ರೀಸಿನ ತ್ರಿಕಲಾ ಊರಿಗೆ ಹೋಗೋಕೆ ಒಳ್ಳೆ ಕಾಲ ಏಪ್ರಿಲ್, ಮೇ. ಇಲ್ಲವೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಇದು ನಮ್ಮ ಯಜಮಾನರಿಗೂ ಗೊತ್ತಿತ್ತು. ಆದರೆ ನಾವಿರೋ ಮ್ಯೂನಿಕ್‌ನಲ್ಲಿ ಮಕ್ಕಳಿಗೆ ದೊಡ್ಡ ರಜೆ ಸಿಗೋದು ಆಗಸ್ಟಿನಲ್ಲಿ. "ನದಿ ದಂಡೆ ಊರು ಕಣೇ, ತಂಪಾಗೇ ಇರುತ್ತೆ" ಅಂದರು.

ನದಿ ಇದೆ, ಸುಳ್ಳಲ್ಲ. ಲಿಥಿಯೋಸ್ ಊರ ನಡುವೆಯೇ ಹರಿಯುತ್ತದೆ. ದಡದಲ್ಲಿ ಚಿನಾರ್ ಮರಗಳು, ಮೇಲೆ 1886ರ ಕಬ್ಬಿಣದ ಸೇತುವೆ. ಆದರೆ ಊರು ಇರೋದು ಥೆಸಲಿ ಬಯಲಿನಲ್ಲಿ. ಸುತ್ತ ಬೆಟ್ಟ, ಸಮುದ್ರದ ಗಾಳಿ ಇತ್ತ ಸುಳಿಯೋದೇ ಕಷ್ಟ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಫೋಟೋಗೆ ಅಂತ ಸೇತುವೆಯ ಕಂಬಿ ಹಿಡಿದ ಮಗ "ಅಯ್ಯೋ" ಅಂತ ಕೈ ಕೊಡವಿದ. ಫೋಟೋದಲ್ಲಿ ಭರತನಾಟ್ಯದ ಭಂಗಿ ಬಂದಿದೆ.

ನಾವು ಇಳಿದ ದಿನ ಆಗಸ್ಟ್ 15. ಅವತ್ತು ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ. ಅಂಗಡಿಗಳಿಗೆಲ್ಲ ಬೀಗ. ನೀರಿನ ಬಾಟಲಿಗೆ ಬೀದಿ ಬೀದಿ ಅಲೆದೆವು. ಊರಿನವರು ಸಮುದ್ರದ ಕಡೆ ಹೋಗಿದ್ದರು, ಬುದ್ಧಿವಂತರು!

ಮರುದಿನ ಹತ್ತಿರದ ಮೆಟಿಯೋರಾ. ಆಕಾಶಕ್ಕೆ ನಿಂತ ಬಂಡೆಗಳ ನೆತ್ತಿಯ ಮೇಲೆ ಮಠಗಳು. ಚಡ್ಡಿ ಹಾಕಿದ್ದ ಯಜಮಾನರನ್ನು ಬಾಗಿಲಲ್ಲೇ ತಡೆದರು. ಜೀನ್ಸ್ ಹಾಕಿದ್ದ ನನಗೆ ಸುತ್ತಿಕೊಳ್ಳೋಕೆ ಒಂದು ಲಂಗ ಕೊಟ್ಟರು. ಇವರು ಬಿಸಿಲಿಗೆ ತಲೆಗೆ ಸುತ್ತಿದ್ದ ಪಂಚೆ ಬಿಚ್ಚಿ ಸೊಂಟಕ್ಕೆ ಕಟ್ಟಿದರು. ಬಾಗಿಲಲ್ಲಿದ್ದವರು ಮೇಲಿಂದ ಕೆಳಗೆ ನೋಡಿ, ನಕ್ಕು, ಒಳಗೆ ಬಿಟ್ಟರು. "ಉಡುಪಿಯಲ್ಲಿ ಅಂಗಿ ಬಿಚ್ಚು ಅಂತಾರೆ, ಇಲ್ಲಿ ಕಾಲು ಮುಚ್ಚು ಅಂತಾರೆ. ದೇವರಿಗೆ ಏನು ಬೇಕೋ!" ಅಂತ ಗೊಣಗುತ್ತಾ ಮೆಟ್ಟಿಲು ಹತ್ತಿದರು.

ಚಳಿಗಾಲವೂ ಆಗಬಹುದು. ನವೆಂಬರ್ ಕೊನೆಯಿಂದ ಜನವರಿ ಮೊದಲವರೆಗೆ ತ್ರಿಕಲಾದ ಹಳೇ ಹಿಟ್ಟಿನ ಗಿರಣಿಯಲ್ಲಿ ಕ್ರಿಸ್ಮಸ್ ಜಾತ್ರೆ. ಮಕ್ಕಳಿಗೆ ಸ್ವರ್ಗ, ರೂಮು ಹುಡುಕುವವರಿಗೆ ಅಲ್ಲ. ಸೆಪ್ಟೆಂಬರ್ ಮೊದಲ ವಾರ ಮಾತ್ರ ಆಕಾಶ ನೋಡಿಕೊಂಡು ಹೊರಡಿ. 2023ರಲ್ಲಿ ಡೇನಿಯಲ್ ಬಿರುಗಾಳಿಯ ಮಳೆಗೆ ಥೆಸಲಿ ಬಯಲು ಮುಳುಗಿತ್ತು. ಅದು ತಮಾಷೆಯಲ್ಲ.

"ಮುಂದಿನ ಸಲ ಮೇನಲ್ಲೇ ಬರೋಣ ರೀ, ಚಿಗುರಿದ ಮರ, ತಣ್ಣನೆ ಗಾಳಿ" ಅಂದೆ.

"ಮೇನಲ್ಲಿ ಅಣ್ಣನ ಮಗಳ ಮದುವೆ ಅಲ್ವಾ? ಟಿಕೆಟ್ ಮಾಡ್ಸಿದ್ದೀನಿ."

ಮದುವೆ ದಾವಣಗೆರೆಯಲ್ಲಿ. ಮುಹೂರ್ತ ಮಧ್ಯಾಹ್ನ ಹನ್ನೆರಡಕ್ಕೆ.