ಉಂಡೆದ್ದ ಎಲೆ

ನಿನ್ನೆ ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಮದುವೆಯಲ್ಲಿ ಹೋಳಿಗೆ ಬಡಿಸಿ ಬಂದಿದ್ದೇನೆ. ಇವತ್ತು ಸೊಂಟ ನೋಯ್ತಾ ಉಂಟು. ಸೊಂಟಕ್ಕೆ ತೈಲ ತಿಕ್ಕಬಹುದು. ಹೊಟ್ಟೆ ಉರಿಯುತ್ತಿರುವುದಕ್ಕೆ ಎಂತ ತಿಕ್ಕುವುದು? ಅದಕ್ಕೇ ಇಲ್ಲಿ ಬರೀತಿದ್ದೇನೆ.

ವಿಷಯ ಇಷ್ಟೇ. ಊಟದ ಎರಡನೇ ಹಂತಿ, ಅಂದರೆ ಪಂಕ್ತಿ. ಮೂವತ್ತೈದರ ಆಸುಪಾಸಿನ ಒಬ್ಬರು ಕೂತಿದ್ದರು, ಜರಿ ಪಂಚೆ, ಪಕ್ಕದಲ್ಲಿ ಏಳೆಂಟು ವರ್ಷದ ಮಗ. ನಾನು ಹೋಳಿಗೆ ಹಿಡಿದು ಬಂದಾಗ ಫೋನಿನಲ್ಲಿದ್ದರು. ತಲೆ ಎತ್ತದೆ ಎರಡು ಬೆರಳು ತೋರಿಸಿದರು. ಹಾಕಿದೆ. ಹಿಂದೆಯೇ ಕಾಯಿಹಾಲು ಬಂತು, ಅದಕ್ಕೂ ತಲೆ ಆಡಿಸಿದರು. ಆಮೇಲೆ ಎಲೆಯ ಫೋಟೋ ತೆಗೆದರು. ಮೇಲಿಂದ ಒಂದು, ಓರೆಯಾಗಿ ಒಂದು. ನಾನು ಎರಡನೇ ಸಲ ಬಂದಾಗ ಇನ್ನೊಂದಕ್ಕೆ ಬೆರಳು ಎತ್ತಿದರು. ಅದನ್ನೂ ಹಾಕಿದೆ. ಒಟ್ಟು ಮೂರು. ಮಜ್ಜಿಗೆ ಬರುವ ಹೊತ್ತಿಗೆ ನೋಡಿದರೆ ಒಂದು ಹೋಳಿಗೆಯ ಅರ್ಧ ಮಾತ್ರ ಖಾಲಿ. ಉಳಿದ ಎರಡೂವರೆ ಕಾಯಿಹಾಲಿನಲ್ಲಿ ಬಿದ್ದು ನೆನೆದು ಊದಿಕೊಂಡಿತ್ತು. ಅದರ ಮೇಲೆ ಒಂದು ರಾಶಿ ಅನ್ನ, ಅದರ ಮೇಲೆ ಮುಟ್ಟದ ಚಿತ್ರಾನ್ನ.

ಇಷ್ಟಾದರೆ ನಾನು ಸುಮ್ನೆ ಇರುತ್ತಿದ್ದೆನೋ ಏನೋ. ಏಳುವಾಗ ಮಗ ತನ್ನ ಎಲೆಯನ್ನು ಆಚೆ ಕಡೆಗೆ ಮಡಚಿದ. ಅಪ್ಪನಿಗೆ ಸಿಟ್ಟು ಬಂತು. 'ಹಾಗೆ ಮಡಚಬಾರದು, ನಮ್ಮ ಕಡೆಗೆ ಮಡಚಬೇಕು, ಅಷ್ಟೂ ಗೊತ್ತಾಗುವುದಿಲ್ವಾ?' ಎಂದು ಗದರಿ, ತನ್ನ ಎಲೆಯನ್ನು ಎರಡೂವರೆ ಹೋಳಿಗೆ ಸಮೇತ ಬಹಳ ಶಾಸ್ತ್ರೋಕ್ತವಾಗಿ ತನ್ನ ಕಡೆಗೆ ಮಡಚಿ ತೋರಿಸಿದರು. ಹುಡುಗನ ಎಲೆಯಲ್ಲಿ ಕರಿಬೇವಿನ ಎಲೆ ಬಿಟ್ಟರೆ ಏನೂ ಇರಲಿಲ್ಲ ಮಾರಾಯ್ರೆ!

ನನ್ನ ಬಾಯಿ ನಿಮಗೆ ಗೊತ್ತಲ್ಲ. 'ಭಾವಾ, ಹೋಳಿಗೆ ಕಟ್ಟಿ ಕೊಡೆಕೋ?' ಎಂದು ಕೇಳಿಯೇ ಬಿಟ್ಟೆ. ಸ್ವಲ್ಪ ದೊಡ್ಡ ಸ್ವರದಲ್ಲಿ. ಅಲ್ಲ, ಸ್ವಲ್ಪ ಏನು, ಇಡೀ ಹಂತಿಗೆ ಕೇಳುವ ಹಾಗೆಯೇ. ಅವರ ಮುಖ ಕೆಂಪಾಯಿತು. ಮದುಮಗಳ ಅಪ್ಪ ದೂರದಿಂದಲೇ ನನಗೆ ಕಣ್ಣು ಬಿಟ್ಟರು.

ಜನರನ್ನು ಅಳೆಯಲು ಎಲ್ಲರ ಹತ್ತಿರವೂ ಒಂದೊಂದು ಕೋಲು ಇರುತ್ತದೆ ಅಲ್ವಾ? ನನ್ನ ಹೆಂಡತಿ ಜಗಲಿಯಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಬಂದವರ ಜಾತಕ ಹೇಳುತ್ತಾಳೆ. ನನ್ನ ತಮ್ಮನಿಗೆ ಮಂಗಳೂರು ಬಸ್ಸಿನಲ್ಲಿ ತಲಪಾಡಿ ದಾಟುವವರೆಗೂ ರೀಲ್ಸ್ ಶಬ್ದ ಹಾಕಿ ನೋಡುವವರನ್ನು ಕಂಡರಾಗದು. ನನಗೆ ಅದೆಲ್ಲ ಲೆಕ್ಕಕ್ಕಿಲ್ಲ. ಚಪ್ಪಲಿ ತಲೆ ಮೇಲೆ ಇಟ್ಟುಕೊಂಡು ಬನ್ನಿ, ತೊಂದರೆ ಇಲ್ಲ. ನಾನು ನೋಡುವುದು ಎಲೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಗಾದೆ ಉಂಟು. ಉಂಡವರ ಎಲೆ ಎಣಿಸಬಾರದು ಎಂದು ಯಾರೂ ಹೇಳಿಲ್ಲವಲ್ಲ.

ಒಂದು ವಿಷಯ ಸ್ಪಷ್ಟ ಹೇಳುತ್ತೇನೆ. ಮಕ್ಕಳು ಬಿಡುತ್ತವೆ, ಬಿಡಲಿ. ಪ್ರಾಯದವರು, ಸಕ್ಕರೆ ಕಾಯಿಲೆಯವರು, ಮೈ ಹುಷಾರಿಲ್ಲದವರು, ಇವರ ತಕರಾರು ನನಗಿಲ್ಲ. ನನಗೆ ಉರಿಯುವುದು 'ಬೇಡ' ಎನ್ನಲು ಬಾಯಿ ಬಾರದವರನ್ನು ಕಂಡು. ಎಲೆಯ ಮೇಲೆ ಅಡ್ಡ ಕೈ ಹಿಡಿಯಲು ಎಷ್ಟು ಶಕ್ತಿ ಬೇಕು? ಬಡಿಸುವವನು ಎಲ್ಲರ ಮುಂದೆ ಒಂದು ಕ್ಷಣ ನಿಲ್ಲುತ್ತಾನೆ. ಆ ಒಂದು ಕ್ಷಣಕ್ಕೆ ಫೋನಿನಿಂದ ಕಣ್ಣು ಎತ್ತಬೇಕು, ಅಷ್ಟೇ.

ಈಗ ಕಮೆಂಟಿನಲ್ಲಿ ಬರುವ ಮಾತು ನನಗೆ ಗೊತ್ತು. 'ನೀವು ಬಡಿಸುವ ಸುಧಾರಿಕೆಯವರೇ ಒತ್ತಾಯ ಮಾಡಿ ಹಾಕುವುದಲ್ವಾ?' ಎನ್ನುತ್ತೀರಿ. ಹೌದು, ಮಾಡುತ್ತೇವೆ. ಒತ್ತಾಯ ಮಾಡದಿದ್ದರೆ 'ಉಪಚಾರ ಸಾಲದು' ಎಂದು ಮೂರು ವರ್ಷ ಹೇಳಿಕೊಂಡು ತಿರುಗುವವರೂ ನೀವೇ. ಆದರೆ ನಿನ್ನೆ ಯಾರು ಒತ್ತಾಯ ಮಾಡಿದ್ದು? ಬೆರಳು ಎತ್ತಿದ್ದು ಅವರು. ಆದ್ದರಿಂದ ಆ ವಾದ ಇಲ್ಲಿಗೆ ಬಂದ್.

ನನ್ನ ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ ಅವನಿಗೂ ಇದನ್ನೇ ಕೊರೆದೆ. ಅವನು ಅಂಕಿ ಅಂಶದವನು. ವಿಶ್ವಸಂಸ್ಥೆಯ 2024ರ ವರದಿ ತೆಗೆದ. 2022ರಲ್ಲಿ ಇಡೀ ಜಗತ್ತಿನಲ್ಲಿ ಹಾಳಾದ ಆಹಾರ 105 ಕೋಟಿ ಟನ್ನು, ಅದರಲ್ಲಿ 60 ಪ್ರತಿಶತ ಹಾಳಾದದ್ದು ಮನೆಗಳಲ್ಲೇ ಅಂತೆ. ನಮ್ಮ ದೇಶದಲ್ಲಿ ಮನೆಯ ಲೆಕ್ಕವೇ ತಲೆಗೆ ವರ್ಷಕ್ಕೆ 55 ಕಿಲೋ ಅಂತೆ. 'ಅಪ್ಪಾ, ಮದುವೆ ಹಾಲ್ ಬಿಡಿ, ನಮ್ಮ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಎಂತ ಉಂಟು ನೋಡಿ' ಎಂದ. ನೋಡಲು ಹೋಗಲಿಲ್ಲ. ಹೋದ ವಾರದ ತೊಂಡೆಕಾಯಿ ಅಲ್ಲೇ ಉಂಟು ಎಂದು ನನಗೆ ನೋಡದೆಯೇ ಗೊತ್ತು.

ಆದರೂ ತೊಂಡೆಕಾಯಿ ಬೇರೆ, ಎಲೆ ಬೇರೆ. ತೊಂಡೆಕಾಯಿ ಮರೆತು ಹಾಳಾಗುವುದು. ಎಲೆಯಲ್ಲಿ ಹಾಕಿಸಿಕೊಂಡು ಬಿಡುವುದು ಕಣ್ಣು ಬಿಟ್ಟುಕೊಂಡೇ ಮಾಡುವ ಕೆಲಸ. ಮೊದಲಾದರೆ ಉಳಿದದ್ದು ಹಟ್ಟಿಗಾದರೂ ಹೋಗುತ್ತಿತ್ತು. ಎಲೆಯೂ ದನಕ್ಕೆ, ಅನ್ನ ಅಕ್ಕಚ್ಚಿಗೆ, ಅಂದರೆ ದನ ಕುಡಿಯುವ ಕಲಗಚ್ಚಿಗೆ. ಈಗ ಅರ್ಧ ಮನೆಗಳಲ್ಲಿ ದನವೇ ಇಲ್ಲ. ಇದ್ದರೂ ಎಲೆಯೊಳಗೆ ಐಸ್‌ಕ್ರೀಮ್ ಕಪ್ಪು, ಟಿಶ್ಯೂ, ಹಲ್ಲುಕಡ್ಡಿ ಸುತ್ತಿಟ್ಟಿರುತ್ತಾರೆ. ಯಾವ ಧೈರ್ಯದಲ್ಲಿ ದನಕ್ಕೆ ಹಾಕುವುದು?

ನಮ್ಮಜ್ಜ ಎಲೆ ಮಡಚುತ್ತಲೇ ಇರಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಮಜ್ಜಿಗೆ ಅನ್ನ ಉಂಡು ಬೆರಳಿನಲ್ಲಿ ಎಲೆ ಒರೆಸಿದರೆ ಹಸಿರು ಹೊಳೆಯುತ್ತಿತ್ತು. ಅಜ್ಜಿ ಒಂದು ಕತೆ ಹೇಳುತ್ತಿದ್ದರು. 1965ರಲ್ಲಿ ಪ್ರಧಾನಿ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ದೇಶಕ್ಕೆಲ್ಲ ಹೇಳಿದರಲ್ಲ, ಆಗ ಅಜ್ಜ 'ಒಂದೇ ಹೊತ್ತು ಸಾಕಂತಾ?' ಎಂದು ಕೇಳಿದ್ದರಂತೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹಲಸಿನಕಾಯಿ ಬೇಯಿಸಿದ್ದೇ ರಾತ್ರಿಯ ಊಟ. ಅನ್ನ ಗಂಜಿಯ ರೂಪದಲ್ಲಿ ಬರುತ್ತಿತ್ತು, ಅದರಲ್ಲೂ ತಿಳಿಯೇ ಜಾಸ್ತಿ. ಮೂರು ಬೆಳೆ ತೆಗೆಯುವ ಬಯಲು ಮನೆ ಮುಂದೆಯೇ ಇದ್ದೂ ಹಾಗೆ! ಏಣೆಲು, ಸುಗ್ಗಿ, ನೀರಿದ್ದ ಕಡೆ ಕೊಳಕೆ. ಬೆಳೆದದ್ದರಲ್ಲಿ ಗೇಣಿ ಕೊಟ್ಟು ಉಳಿದದ್ದು ನಮ್ಮದು.

ಇಲ್ಲಿಯವರೆಗೆ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳದಿದ್ದರೆ ರಾತ್ರಿ ನಿದ್ದೆ ಬಾರದು. ಆ ಬಯಲು ಈಗ ಇಲ್ಲ. 1980ರ ದಶಕದಲ್ಲಿ ಅಪ್ಪ ಮಣ್ಣು ಹಾಕಿ ಅಡಿಕೆ ಸಸಿ ನೆಟ್ಟರು. ಗುಂಡಿ ತೋಡಲು ನಾನೂ ಇದ್ದೆ, ಖುಷಿಯಲ್ಲೇ ಇದ್ದೆ. ನಾವೊಬ್ಬರೇ ಅಲ್ಲ. 1970ರ ದಶಕದ ನಡುವಿನಲ್ಲಿ ಕೇರಳದಲ್ಲಿ 8.8 ಲಕ್ಷ ಹೆಕ್ಟೇರಿನಷ್ಟು ಭತ್ತ ಇತ್ತು, ಈಗ 2 ಲಕ್ಷದ ಹತ್ತಿರ ಬಂದು ನಿಂತಿದೆ. ಗದ್ದೆ ಉಳಿಸಲು 2008ರಲ್ಲಿ ಕಾನೂನು ಬಂತು. ಅಷ್ಟು ಹೊತ್ತಿಗೆ ನಮ್ಮ ಅಡಿಕೆ ಮರ ಏಣಿ ಇಡುವಷ್ಟು ಎತ್ತರವಾಗಿತ್ತು. ನಿನ್ನೆ ಬಡಿಸಿದ ಬೆಳ್ತಿಗೆ ಅನ್ನ ನಮ್ಮೂರಿನದ್ದಲ್ಲ, ಅಂಗಡಿಯಿಂದ ಗೋಣಿಯಲ್ಲಿ ಬಂದದ್ದು. ಗದ್ದೆಯನ್ನೇ ನುಂಗಿದವನು ಎರಡೂವರೆ ಹೋಳಿಗೆಗೆ ಬೊಬ್ಬೆ ಹಾಕುವುದಾ ಎಂದು ನೀವು ಕೇಳಬಹುದು. ಕೇಳಿ. ಉತ್ತರ ಇಲ್ಲ. ಆದರೆ ಹೋಳಿಗೆಯ ಸಿಟ್ಟು ಹಾಗೆಯೇ ಉಂಟು.

ಈ ಕೋಲಿನಿಂದ ಅಳೆದು ಒಮ್ಮೆ ಮರ್ಯಾದೆ ಕಳೆದುಕೊಂಡದ್ದೂ ಉಂಟು. ತಂಗಿಯ ಮಗಳನ್ನು ನೋಡಲು ಹುಡುಗನ ಕಡೆಯವರು ಬಂದಿದ್ದರು. ಎಲ್ಲರೂ ಅವನ ಕೆಲಸ, ಸಂಬಳ ಕೇಳುತ್ತಿದ್ದರೆ ನಾನು ಊಟದ ಹೊತ್ತಿಗೆ ಕಾದೆ. ಹುಡುಗ ಅವಿಲು, ಅದೇ ತರಕಾರಿಗಳನ್ನು ಸೇರಿಸಿ ಮಾಡುವ ಪದಾರ್ಥ, ಇಡಿಯಾಗಿ ಬಿಟ್ಟ. ಒಂದು ನುಗ್ಗೆಕೋಡೂ ಮುಟ್ಟಲಿಲ್ಲ. ಸಂಜೆ ತಂಗಿಗೆ ಫೋನ್ ಮಾಡಿ 'ಈ ಸಂಬಂಧ ಬೇಡ' ಎಂದೆ. ಕಾರಣ ಕೇಳಿದಳು. ಹೇಳಿದೆ. ಇಟ್ಟುಬಿಟ್ಟಳು. ಮದುವೆ ಆಯಿತು, ಈಗ ಆರು ವರ್ಷ. ಹೋದ ತಿಂಗಳು ಅವರ ಮನೆಗೆ ಹೋದಾಗ ಅವನೇ ಅಡಿಗೆ ಮಾಡಿ, ಅವನೇ ಪಾತ್ರೆ ತೊಳೆದು, ನನಗೆ ಮಲಗಲು ಚಾಪೆ ಹಾಸಿಕೊಟ್ಟ. ಬಂಗಾರದಂಥ ಹುಡುಗ, ಒಪ್ಪುತ್ತೇನೆ. ಅವಿಲು ಈಗಲೂ ಬಿಡುತ್ತಾನೆ. ನಾನು ನೋಡಿದೆ.

ಇವತ್ತು ಬೆಳಿಗ್ಗೆ ಇನ್ನೊಂದು ಬೆಳವಣಿಗೆ. ಬರುವ ಭಾನುವಾರ ನೆಂಟರಲ್ಲಿ ಒಂದು ಉಪನಯನ. ಹತ್ತಿಪ್ಪತ್ತು ವರ್ಷದಿಂದ ಅವರಲ್ಲಿ ಹೋಳಿಗೆಯಂಥ ಸೀವು ಬಡಿಸುವುದು ನಾನೇ. ಮನೆಯ ಯಜಮಾನರು ಫೋನ್ ಮಾಡಿ ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲ ಹೇಳಿದರು: 'ಭಾವಾ, ಈ ಸಲ ಹೋಳಿಗೆಗೆ ಮಕ್ಕಳೇ ಇದ್ದಾರೆ. ನೀವು ನೀರು ಬಡಿಸಿದರೆ ಸಾಕು.'

ಆಯ್ತು, ನೀರೇ ಬಡಿಸುತ್ತೇನೆ. ತುಂಬಿಸಿಕೊಂಡು ಅರ್ಧ ಲೋಟ ಬಿಟ್ಟು ಏಳುವವರು ಅಲ್ಲಿಯೂ ಇರುತ್ತಾರೆ.